ಆಕಾಶಕ್ಕೆ ಟೇಪ್ ಹಿಡಿಯುವುದು ಹೇಗೆ ಮಾರಾಯ್ರೆ?

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಕಾಶದ್ದೇ. ಕೆಲವರು ಸೈಜ್ ಕೇಳಿದ್ದಾರೆ, ಕೆಲವರು ದೂರ, ಇನ್ನು ಕೆಲವರಿಗೆ ವಯಸ್ಸಿನ ಚಿಂತೆ. ಎಲ್ಲ ಒಟ್ಟಿಗೆ ಇಟ್ಟು ಓದಿದ್ರೆ ಹೆಚ್ಚಿನದ್ದು ಸುತ್ತಿ ಬಳಸಿ ಒಂದೇ ಪ್ರಶ್ನೆ, ಯಾಕೆಂದ್ರೆ ದೂರ ಒಂದು ಸಿಗದೆ ಸೈಜೂ ಸಿಗುವುದಿಲ್ಲ, ಹೆಚ್ಚಿನ ನಕ್ಷತ್ರಗಳ ವಯಸ್ಸೂ ಸಿಗುವುದಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಇಟ್ಟು ಇದನ್ನೇ ತಗೊಂಡಿದ್ದೇನೆ. ಅಡಿಕೆ ಹಳದಿ ರೋಗದ ಬಗ್ಗೆ ಕೇಳಿದವರು ಸ್ವಲ್ಪ ಕಾಯ್ಬೇಕು.

ಪ್ರಶ್ನೆ: 2019ರ ಡಿಸೆಂಬರ್ 26ಕ್ಕೆ ನಾವು ಚೆರುವತ್ತೂರಿಗೆ ಹೋಗಿ ಕಂಕಣ ಗ್ರಹಣ ನೋಡಿದ್ದೆವು ಸರ್. ಚಂದ್ರ ಸೂರ್ಯನ ಮೇಲೆ ಹೆಚ್ಚುಕಡಿಮೆ ಕರೆಕ್ಟಾಗಿ ಕೂತಿತ್ತು, ನೋಡ್ಲಿಕ್ಕೆ ಎರಡೂ ಒಂದೇ ಸೈಜ್. ಹಾಗಾದ್ರೆ ಸೂರ್ಯ ಅಷ್ಟು ದೊಡ್ಡದು, ಅಷ್ಟು ದೂರದ್ದು ಅಂತ ಮೊದಲು ಗೊತ್ತಾದದ್ದು ಹೇಗೆ? (ಒಬ್ಬ ಓದುಗರು, ನೀಲೇಶ್ವರ)

ಉತ್ತರ: ಚಂದ್ರ ಎದುರಿಗೆ ಬಂದು ಸೂರ್ಯನನ್ನು ಮುಚ್ಚಿತಲ್ಲ, ಅಲ್ಲಿಗೆ ಸೂರ್ಯ ಹಿಂದೆ ಇರುವುದು ಅಂತ ಆಯ್ತು. ಹಿಂದೆ ಇದ್ದೂ ಅಷ್ಟೇ ದೊಡ್ಡದಾಗಿ ಕಾಣ್ತದೆ ಅಂದ್ರೆ ನಿಜಕ್ಕೂ ದೊಡ್ಡದು. ಎಷ್ಟು ದೊಡ್ಡದು ಅಂತ ಹೇಳ್ಲಿಕ್ಕೆ ಎಷ್ಟು ಹಿಂದೆ ಅಂತ ಗೊತ್ತಾಗ್ಬೇಕು, ಕಷ್ಟ ಇದ್ದದ್ದು ಅಲ್ಲೇ.

ಗ್ರೀಸಿನ ಅರಿಸ್ಟಾರ್ಕಸ್ ಅಂತ ಒಬ್ಬ, ಸುಮಾರು 2250 ವರ್ಷ ಹಿಂದಿನವ, ಒಂದು ಚಂದದ ಉಪಾಯ ಮಾಡಿದ. ಚಂದ್ರ ಸರಿ ಅರ್ಧ ಬೆಳಗಿದಾಗ ಭೂಮಿ, ಚಂದ್ರ, ಸೂರ್ಯ ಸೇರಿ ಒಂದು ಲಂಬಕೋನ ತ್ರಿಕೋನ ಆಗ್ತದೆ, ಆ ಹೊತ್ತಿಗೆ ಆಕಾಶದಲ್ಲಿ ಸೂರ್ಯನಿಗೂ ಚಂದ್ರನಿಗೂ ನಡುವಿನ ಕೋನ ಅಳೆದ್ರೆ ಯಾವುದು ಎಷ್ಟು ಪಟ್ಟು ದೂರ ಅಂತ ಹೇಳ್ಬಹುದು. ಅವನ ಲೆಕ್ಕದಲ್ಲಿ ಕೋನ 87 ಡಿಗ್ರಿ, ಹಾಗಾಗಿ ಸೂರ್ಯ ಚಂದ್ರನಿಗಿಂತ ಸುಮಾರು 19 ಪಟ್ಟು ದೂರ. ನಿಜವಾದ ಕೋನ 89.85 ಡಿಗ್ರಿ, ದೂರ ಹತ್ತಿರ ಹತ್ತಿರ 400 ಪಟ್ಟು. ಕೋನದಲ್ಲಿ ಮೂರು ಡಿಗ್ರಿಯೂ ವ್ಯತ್ಯಾಸ ಇಲ್ಲ, ಉತ್ತರದಲ್ಲಿ 20 ಪಟ್ಟು ಎಡವಟ್ಟು. ಆದ್ರೂ ಐಡಿಯಾ ಸರಿ ಇತ್ತು ಅನ್ನುವುದಕ್ಕೆ ನಾನು ಫುಲ್ ಮಾರ್ಕ್ ಕೊಡ್ತೇನೆ.

ಮತ್ತೆ 1600ರ ನಂತರ ಕೆಪ್ಲರ್ ಬಂದು ಗ್ರಹ ಒಂದು ಸುತ್ತು ಬರ್ಲಿಕ್ಕೆ ತಗೊಳ್ಳುವ ಟೈಮಿಗೂ ಸೂರ್ಯನಿಂದ ಅದರ ದೂರಕ್ಕೂ ಲೆಕ್ಕ ಜೋಡಿಸಿದ. ಭೂಮಿಯದ್ದು 1 ಅಂತ ಇಟ್ಟುಕೊಂಡ್ರೆ ಶುಕ್ರನದ್ದು 0.72, ಮಂಗಳನದ್ದು 1.52. ಅನುಪಾತ ಎಲ್ಲ ಸಿಕ್ಕಿತು, ಕಿಲೋಮೀಟರ್ ಮಾತ್ರ ಸಿಗ್ಲಿಲ್ಲ. ಒಂದೇ ಒಂದು ದೂರ ಕಿಲೋಮೀಟರಲ್ಲಿ ಸಿಕ್ಕಿದ್ರೆ ಉಳಿದದ್ದೆಲ್ಲ ತನ್ನಿಂದ ತಾನೇ ಬರ್ತದೆ ಅನ್ನುವ ಸ್ಥಿತಿ. ಅದಕ್ಕೆ ಹ್ಯಾಲಿ (ಧೂಮಕೇತುವಿನ ಹ್ಯಾಲಿಯೇ) ಒಂದು ದಾರಿ ಹೇಳಿದ: ಶುಕ್ರ ಸೂರ್ಯನ ಮುಖದ ಮೇಲೆ ಚುಕ್ಕೆಯ ಹಾಗೆ ದಾಟಿ ಹೋಗುವಾಗ ಭೂಮಿಯ ಬೇರೆ ಬೇರೆ ಕಡೆಯಿಂದ ನೋಡಿದ್ರೆ ದಾಟುವ ಗೆರೆ ಸ್ವಲ್ಪ ಮೇಲೆ ಕೆಳಗೆ ಆಗ್ತದೆ, ದಾಟ್ಲಿಕ್ಕೆ ಹಿಡಿಯುವ ಸಮಯವೂ ಬೇರೆ ಆಗ್ತದೆ, ನೋಡಿದ ಜಾಗಗಳ ನಡುವೆ ಎಷ್ಟು ದೂರ ಅಂತ ನಮಗೆ ಗೊತ್ತಿರ್ತದೆ, ಅದರಿಂದ ಕಿಲೋಮೀಟರ್ ಬರ್ತದೆ.

ಇದಕ್ಕೆ ಅಂತ 1761ರಲ್ಲಿ ಲೆ ಜಾಂಟಿಲ್ ಅಂತ ಒಬ್ಬ ಫ್ರೆಂಚ್ ಖಗೋಳದವ ಪಾಂಡಿಚೇರಿಗೆ ಅಂತ ಹಡಗು ಹತ್ತಿ ಹೊರಟವ ನಮ್ಮ ಈ ಕರಾವಳಿಗೇ, ಮಾಹೆಯ ಹತ್ತಿರದವರೆಗೆ ಬಂದಿದ್ದ ಗೊತ್ತುಂಟಾ? ಅಲ್ಲಿ ಗೊತ್ತಾಯ್ತು, ಮಾಹೆಯೂ ಪಾಂಡಿಚೇರಿಯೂ ಬ್ರಿಟಿಷರ ಕೈಗೆ ಹೋಗಿ ಆಗಿದೆ. ಹಡಗು ವಾಪಸ್ ತಿರುಗಿತು, ಜೂನ್ 6ಕ್ಕೆ ಶುಕ್ರ ದಾಟುವಾಗ ಇವ ಸಮುದ್ರದ ಮಧ್ಯೆ, ಅಲ್ಲಾಡುವ ಹಡಗಲ್ಲಿ ಎಂತ ಅಳೆಯುವುದು? ಇನ್ನೊಂದು ದಾಟುವಿಕೆ 8 ವರ್ಷ ಬಿಟ್ಟು ಉಂಟಲ್ಲ ಅಂತ ಊರಿಗೆ ಹೋಗದೆ ಈ ಕಡೆಯೇ ಉಳಿದ. 1769ಕ್ಕೆ ಪಾಂಡಿಚೇರಿಯಲ್ಲಿ ಎಲ್ಲ ರೆಡಿ ಮಾಡಿ ಕೂತ್ರೆ ಸರಿಯಾಗಿ ಆ ಹೊತ್ತಿಗೆ ಮೋಡ. ಊರಿಗೆ ಹೋದಾಗ ಅವನನ್ನು ಸತ್ತವರ ಲಿಸ್ಟಿಗೆ ಸೇರಿಸಿ, ಅಕಾಡೆಮಿಯ ಸೀಟನ್ನೂ ಬೇರೆಯವರಿಗೆ ಕೊಟ್ಟಾಗಿತ್ತು. ಪಾಪ ಅಂತ ಹೇಳುವುದಲ್ಲದೆ ಬೇರೆ ಎಂತ ಹೇಳುವುದು.

ಅವನಿಗೆ ಸಿಗದಿದ್ರೂ ಬೇರೆಯವರಿಗೆ ಸಿಕ್ಕಿತು. 1769ರ ಅಳತೆಗಳನ್ನೆಲ್ಲ ಸೇರಿಸಿ ಬಂದ ಉತ್ತರ ಸುಮಾರು 15.3 ಕೋಟಿ ಕಿ.ಮೀ. 1961ರಲ್ಲಿ ಶುಕ್ರನಿಗೆ ರೇಡಾರ್ ಸಿಗ್ನಲ್ ಹೊಡೆದು ಅದು ವಾಪಸ್ ಬರುವ ಟೈಮ್ ನೋಡಿದ ಮೇಲೆ ಈ ತಲೆಬಿಸಿಯೇ ಮುಗಿಯಿತು, ಈಗ ಲೆಕ್ಕ 14 ಕೋಟಿ 95 ಲಕ್ಷದ 97 ಸಾವಿರದ 870.7 ಕಿ.ಮೀ. ಆಕಾಶದಲ್ಲಿ ಸೂರ್ಯ ಅಡ್ಡಕ್ಕೆ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಕಾಣ್ತದೆ, ಅಂದ್ರೆ ಎಷ್ಟು ದೂರ ಉಂಟೋ ಅದರ 107ರಲ್ಲಿ ಒಂದು ಪಾಲು ಅಗಲ. ಭಾಗಿಸಿ ನೋಡಿ, 13.9 ಲಕ್ಷ ಕಿ.ಮೀ. ಬರ್ತದೆ. ಚಂದ್ರನದ್ದು 3474.

ನೀವು ನೋಡಿದ ಬಳೆಯ ಕಾರಣವೂ ಇದೇ. ಡಿಸೆಂಬರ್ ಕೊನೆ, ಜನವರಿ ಸುರುವಿಗೆ ಭೂಮಿ ಸೂರ್ಯನಿಗೆ ಸ್ವಲ್ಪ ಹತ್ತಿರ ಇರ್ತದೆ, 14.7 ಕೋಟಿ ಕಿ.ಮೀ. ಹಾಗಾಗಿ ಸೂರ್ಯ ಒಂದು ಕೂದಲೆಳೆ ದೊಡ್ಡದು. ಚಂದ್ರ ಆ ದಿನ ಪೂರ್ತಿ ಮುಚ್ಚುವಷ್ಟು ಹತ್ತಿರ ಇರ್ಲಿಲ್ಲ, ಅಗಲದಲ್ಲಿ 97 ಪರ್ಸೆಂಟ್ ಮುಚ್ಚಿತು, ಉಳಿದ ಅಂಚು ಮೂರು ನಿಮಿಷದಷ್ಟು ಹೊತ್ತು ಬಳೆ ಆಯ್ತು.

ಪ್ರಶ್ನೆ: ಚಂದ್ರ ನಮ್ಮಿಂದ ದೂರ ಹೋಗ್ತಾ ಇದಾನಂತೆ, ನಿಜಾನಾ? (ಹೊಸೂರಿನಿಂದ)

ಉತ್ತರ: ನಿಜ, ವರ್ಷಕ್ಕೆ 3.8 ಸೆಂಟಿಮೀಟರ್. ಅಪೋಲೋದವರು ಅಲ್ಲಿ ಇಟ್ಟು ಬಂದ ಪ್ರತಿಫಲಕಗಳಿಗೆ ಇಲ್ಲಿಂದ ಲೇಸರ್ ಬಿಟ್ರೆ ಎರಡೂವರೆ ಸೆಕೆಂಡಲ್ಲಿ ವಾಪಸ್ ಬರ್ತದೆ, ಆ ಟೈಮಿನಿಂದ ದೂರ ಸಿಗ್ತದೆ. ನಮ್ಮ ಚಂದ್ರಯಾನ-3ರ ವಿಕ್ರಮ್ ಮೇಲೂ ಅಂಥದ್ದೊಂದು ಚಿಕ್ಕದು ಉಂಟು. ಇನ್ನೊಂದು 60 ಕೋಟಿ ವರ್ಷ ಹೋದ್ರೆ ಪೂರ್ಣ ಸೂರ್ಯಗ್ರಹಣವೇ ಆಗುವುದಿಲ್ಲವಂತೆ, ಎಲ್ಲ ಕಂಕಣವೇ. ಗಡಿಬಿಡಿ ಇಲ್ಲ.

ಪ್ರಶ್ನೆ: ನಾನು ಶಾಲೆಯಲ್ಲಿ ಪಾಠ ಮಾಡುವವಳು. ನಕ್ಷತ್ರಕ್ಕೆ ಲೇಸರ್ ಬಿಟ್ರೆ ವಾಪಸ್ ಬರುವುದಿಲ್ಲ, ಯಾರೂ ಹೋಗಿ ಬಂದದ್ದೂ ಇಲ್ಲ, ಮತ್ತೆ ಇಷ್ಟು ಜ್ಯೋತಿರ್ವರ್ಷ ಅಂತ ಯಾವ ಧೈರ್ಯದಲ್ಲಿ ಹೇಳುವುದು ಅಂತ ಮಕ್ಕಳು ಕೇಳ್ತಾರೆ. (ಒಬ್ಬ ಟೀಚರ್, ಪೆರ್ಲ)

ಉತ್ತರ: ಟೀಚರ್, ಮಕ್ಕಳ ಪ್ರಶ್ನೆ ಭಾರೀ ಒಳ್ಳೆಯದುಂಟು. ಅವರಿಗೆ ಹೀಗೆ ಹೇಳಿ: ಕಾಸರಗೋಡಿಂದ ಮಂಗಳೂರಿಗೆ ರೈಲಲ್ಲಿ ಹೋಗುವಾಗ ಹಳಿಯ ಪಕ್ಕದ ತೆಂಗಿನ ಮರ ಸರ್ರಂತ ಹಿಂದೆ ಹೋಗ್ತದೆ, ಮೂಡು ದಿಕ್ಕಿನ ಗುಡ್ಡ ಮಾತ್ರ ಸುಮಾರು ಹೊತ್ತು ಅಲ್ಲೇ ಇರ್ತದೆ. ಯಾವುದು ಎಷ್ಟು ಸರಿದದ್ದು ಅಂತ ಅಳೆದ್ರೆ ಯಾವುದು ಎಷ್ಟು ದೂರ ಅಂತ ರೈಲಿಂದ ಇಳಿಯದೆ ಹೇಳ್ಬಹುದು. ಇಲ್ಲಿ ರೈಲು ಅಂದ್ರೆ ಭೂಮಿ. ಜನವರಿಗೂ ಜುಲೈಗೂ ನಾವು ಇರುವ ಜಾಗ 30 ಕೋಟಿ ಕಿ.ಮೀ. ಆಚೆ ಈಚೆ ಆಗ್ತದೆ (ಇದು ಗೊತ್ತಾಗ್ಬೇಕಾದ್ರೆ ಮೇಲಿನ ಸೂರ್ಯನ ದೂರ ಬೇಕೇ ಬೇಕು ನೋಡಿ), ಹತ್ತಿರದ ನಕ್ಷತ್ರ ಆರು ತಿಂಗಳಲ್ಲಿ ಹಿಂದಿನ ನಕ್ಷತ್ರಗಳ ಎದುರು ಒಂಚೂರು ಸರಿಯುತ್ತದೆ.

ಆ ಒಂಚೂರು ಅಂದ್ರೆ ಎಷ್ಟು ಅಂತ ಕೇಳ್ಬೇಡಿ. ಒಂದು ಡಿಗ್ರಿಯನ್ನು 3600 ಪಾಲು ಮಾಡಿದ್ರೆ ಒಂದು ಪಾಲಿಗೆ ಆರ್ಕ್‌ಸೆಕೆಂಡ್ ಅಂತ ಹೆಸರು. ಸೂರ್ಯ ಬಿಟ್ರೆ ನಮಗೆ ಅತಿ ಹತ್ತಿರದ ಪ್ರಾಕ್ಸಿಮಾ ಸೆಂಟಾರಿಯ ಲೆಕ್ಕ (ಆರು ತಿಂಗಳಲ್ಲಿ ಸರಿದದ್ದರ ಅರ್ಧವನ್ನು ಲೆಕ್ಕಕ್ಕೆ ಹಿಡಿಯುವುದು ರೂಢಿ) ಆ ಒಂದು ಪಾಲಿನ ಮುಕ್ಕಾಲು, ದೂರ 4.24 ಜ್ಯೋತಿರ್ವರ್ಷ. ಟೈಕೋ ಬ್ರಾಹೆಯಂಥ ಘಟಾನುಘಟಿಯೂ ಈ ಸರಿಯುವಿಕೆ ಹುಡುಕಿ ಸಿಗದೆ ಭೂಮಿ ತಿರುಗುವುದೇ ಇಲ್ಲ ಅಂತ ಕೂತುಬಿಟ್ಟ. ಕೊನೆಗೆ 1838ರಲ್ಲಿ ಬೆಸೆಲ್ ಅನ್ನುವ ಜರ್ಮನಿಯವನಿಗೆ 61 ಸಿಗ್ನಿ ಅನ್ನುವ ನಕ್ಷತ್ರದಲ್ಲಿ ಸಿಕ್ಕಿತು, 0.31 ಆರ್ಕ್‌ಸೆಕೆಂಡ್, ಸುಮಾರು 11 ಜ್ಯೋತಿರ್ವರ್ಷ. ಜ್ಯೋತಿರ್ವರ್ಷ ಅಂದ್ರೆ 9.46 ಲಕ್ಷ ಕೋಟಿ ಕಿ.ಮೀ. ಅಂತ ಮಕ್ಕಳಿಗೆ ಬೋರ್ಡಲ್ಲಿ ಸೊನ್ನೆ ಹಾಕಿ ತೋರಿಸಿ, ಒಂದು ಪೀರಿಯಡ್ ಆರಾಮಲ್ಲಿ ಹೋಗ್ತದೆ. 2013ರ ಕೊನೆಗೆ ಹಾರಿಸಿದ ಯುರೋಪಿನ ಗಾಯಾ ಉಪಗ್ರಹ 2025ರ ಜನವರಿವರೆಗೆ ಕೂತು ಇದೇ ಕೆಲಸವನ್ನು ಸುಮಾರು 200 ಕೋಟಿ ನಕ್ಷತ್ರಗಳಿಗೆ ಮಾಡಿತು. ನನ್ನ ಅಭಿಪ್ರಾಯ ಕೇಳಿದ್ರೆ ಈ ಕಾಲದ ಅತಿ ದೊಡ್ಡ ಖಗೋಳ ಕೆಲಸ ಇದೇ, ಚಂದದ ಫೋಟೋ ಕಳಿಸುವುದಿಲ್ಲ ಅಂತ ಪೇಪರಿನವರು ಬರೆಯುವುದಿಲ್ಲ ಅಷ್ಟೆ.

ತುಂಬ ದೂರದ್ದಕ್ಕೆ ಈ ಉಪಾಯ ನಡೆಯುವುದಿಲ್ಲ, ಆಗ ಬೆಳಕನ್ನು ಓದ್ಬೇಕು. ನಕ್ಷತ್ರದ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದಾಗ ಅದರಲ್ಲಿ ಕ್ಯಾಲ್ಸಿಯಮ್‌ನಿಂದ ಬರುವ ಒಂದು ಗೆರೆ ಎಷ್ಟು ಅಗಲ ಉಂಟು ಅಂತ ನೋಡಿ ಆ ನಕ್ಷತ್ರದ ನಿಜವಾದ ಪ್ರಕಾಶ ಎಷ್ಟು ಅಂತ ಹೇಳುವ ಒಂದು ವಿಧಾನ ಉಂಟು, 1957ರದ್ದು, ಹೆಸರು ವಿಲ್ಸನ್-ಬಪ್ಪು ಪರಿಣಾಮ. ಈ ಬಪ್ಪು ನಮ್ಮ ವೇಣು ಬಪ್ಪು, ತಮಿಳುನಾಡಿನ ಜವ್ವಾದಿ ಗುಡ್ಡದ ಕಾವಲೂರಿನಲ್ಲಿ ವೀಕ್ಷಣಾಲಯ ಕಟ್ಟಿಸಿದವರು, ಅಲ್ಲಿಯ 2.34 ಮೀಟರಿನ ಟೆಲಿಸ್ಕೋಪಿಗೆ ಅವರದ್ದೇ ಹೆಸರು. ನಿಜವಾದ ಪ್ರಕಾಶ ಗೊತ್ತಾದ್ರೆ, ಇಲ್ಲಿಗೆ ಬರುವಾಗ ಎಷ್ಟು ಕಡಿಮೆ ಆಗಿದೆ ಅಂತ ನೋಡಿದ್ರೆ ಸಾಕು. ದೂರ ಎರಡು ಪಟ್ಟಾದ್ರೆ ಬೆಳಕು ನಾಲ್ಕರಲ್ಲೊಂದು, ಮೂರು ಪಟ್ಟಾದ್ರೆ ಒಂಬತ್ತರಲ್ಲೊಂದು.

ಪ್ರಶ್ನೆ: ಎಷ್ಟು ದೊಡ್ಡ ದುರ್ಬೀನಲ್ಲಿ ನೋಡಿದ್ರೂ ನಕ್ಷತ್ರ ಒಂದು ಚುಕ್ಕಿ ಅಂತಾರೆ. ಚುಕ್ಕಿಗೆ ಸೈಜ್ ಹೆಂಗೆ ಕಟ್ತಾರೆ? ಹಾಗೇ ನಮ್ಮ ಪಕ್ಕದ ಊಟಿಲಿ ಗುಡ್ಡದ ಇಳಿಜಾರಲ್ಲಿ ಉದ್ದಕ್ಕೆ ನಿಲ್ಲಿಸಿರೋ ಆ ದೊಡ್ಡ ಆಂಟೆನಾ ಎಂಥದ್ದು? (ತಾಳವಾಡಿಯಿಂದ)

ಉತ್ತರ: ಎರಡಕ್ಕೂ ಒಟ್ಟಿಗೆ ಉತ್ತರ ಹೇಳ್ಬಹುದು, ನಡುವೆ ಚಂದ್ರ ಬರ್ತಾನೆ.

ಚಂದ್ರ ಆಕಾಶದಲ್ಲಿ ಸೆಕೆಂಡಿಗೆ ಅರ್ಧ ಆರ್ಕ್‌ಸೆಕೆಂಡಿನಷ್ಟು ಮುಂದೆ ಹೋಗ್ತಾ ಇರ್ತಾನೆ. ದಾರಿಯಲ್ಲಿ ಸಿಕ್ಕಿದ ನಕ್ಷತ್ರವನ್ನು ಅವನ ಅಂಚು ಮುಚ್ಚುವಾಗ ಅದು ಫಕ್ಕಂತ ಮಾಯ ಆದ ಹಾಗೆ ನಮಗೆ ಕಾಣ್ತದೆ, ಆದ್ರೆ ಫಾಸ್ಟ್ ಆಗಿ ರೆಕಾರ್ಡ್ ಮಾಡುವ ಉಪಕರಣ ಇಟ್ರೆ ರೋಹಿಣಿ ನಕ್ಷತ್ರ ಆರ್ಲಿಕ್ಕೆ ಒಂದು ಸೆಕೆಂಡಿನ 25ರಲ್ಲಿ ಒಂದು ಪಾಲು ತಗೊಳ್ತದೆ ಅಂತ ಗೊತ್ತಾಗ್ತದೆ. ಅಂದ್ರೆ ಅದರ ಅಗಲ 0.02 ಆರ್ಕ್‌ಸೆಕೆಂಡ್. ದೂರ 65 ಜ್ಯೋತಿರ್ವರ್ಷ ಅಂತ ಮೊದಲೇ ಗೊತ್ತುಂಟು. ಎರಡನ್ನೂ ಗುಣಿಸಿದ್ರೆ ಸೂರ್ಯನ 45 ಪಟ್ಟು ಅಗಲ.

ನಿಮ್ಮ ಊಟಿಯದ್ದು ಇದೇ ಉಪಾಯಕ್ಕೆ ಅಂತ ಕಟ್ಟಿದ ರೇಡಿಯೋ ಟೆಲಿಸ್ಕೋಪ್. ಗೋವಿಂದ ಸ್ವರೂಪ್ ಅವರ ತಂಡ 1970ಕ್ಕೆ ಮುಗಿಸಿತು, 530 ಮೀಟರ್ ಉದ್ದ, 30 ಮೀಟರ್ ಅಗಲ. ಇಳಿಜಾರು ಯಾಕೆ ಅಂತ ಕೇಳಿ: ಊಟಿಯ ಅಕ್ಷಾಂಶ ಸುಮಾರು 11 ಡಿಗ್ರಿ, ಅಷ್ಟೇ ಇಳಿಜಾರಿರುವ ಗುಡ್ಡ ಹುಡುಕಿದ್ರು, ಆಗ ಟೆಲಿಸ್ಕೋಪಿನ ಉದ್ದ ಭೂಮಿಯ ಅಚ್ಚಿಗೆ ಸಮಾನಾಂತರ ಆಗ್ತದೆ, ಒಂದೇ ಕಡೆಗೆ ತಿರುಗಿಸ್ತಾ ಹೋದ್ರೆ ಒಂದು ವಸ್ತುವನ್ನು ಒಂಬತ್ತೂವರೆ ಗಂಟೆ ಬಿಡದೆ ಹಿಂಬಾಲಿಸ್ಬಹುದು. ಗುಡ್ಡವನ್ನೇ ಉಪಕರಣದ ಭಾಗ ಮಾಡಿದ್ದು, ಎಂಥ ತಲೆ ನೋಡಿ! ದೂರದ ರೇಡಿಯೋ ಗ್ಯಾಲಕ್ಸಿಗಳನ್ನು ಚಂದ್ರ ಮುಚ್ಚುವಾಗ ಇಲ್ಲಿ ಕೂತು ಅವುಗಳ ಅಗಲ ಅಳೆದ್ರು, ಮಂಕಾದದ್ದು ಚಿಕ್ಕದಾಗಿ ಕಾಣ್ತಾ ಹೋಗ್ತದೆ ಅಂತ 1975ರಲ್ಲಿ ಸ್ವರೂಪ್ ಮತ್ತೆ ಕಪಾಹಿ ತೋರಿಸಿದ್ರು. ಮಂಕು ಅಂದ್ರೆ ಹೆಚ್ಚಾಗಿ ದೂರದ್ದು, ಅಂದ್ರೆ ಹಳೇ ಕಾಲದ್ದು, ಆಗ ಇವು ಈಗಿನ ಹಾಗೆ ಇರ್ಲಿಲ್ಲ ಅಂತ ಆಯ್ತು. ಬ್ರಹ್ಮಾಂಡ ಯಾವಾಗಲೂ ಹೀಗೇ ಇತ್ತು ಅನ್ನುವವರಿಗೂ ಮಹಾಸ್ಫೋಟದಿಂದ ಸುರುವಾದದ್ದು ಅನ್ನುವವರಿಗೂ ಆಗ ಇದ್ದ ಜಗಳದಲ್ಲಿ ಇದು ಎರಡನೆಯವರ ಕಡೆಗೆ ಒಂದು ಸಾಕ್ಷಿ ಆಯ್ತು.

ಸೈಜ್ ಸಿಗದ ಕಥೆಯೂ ಒಂದುಂಟು. ಆರ್ದ್ರಾ ನಕ್ಷತ್ರ ಗೊತ್ತಲ್ಲ, ಮೃಗಶಿರದ ಪಕ್ಕದ ಕೆಂಪನೆಯದ್ದು, ಆದ್ರೆ ಆರಿದ್ರಾ ಇಲ್ಲದಿದ್ರೆ ದರಿದ್ರಾ ಅಂತ ಮಳೆಗೆ ಹೇಳ್ತೇವಲ್ಲ ಅದೇ. 1920ರ ಡಿಸೆಂಬರ್‌ನಲ್ಲಿ ಮೈಕೆಲ್ಸನ್ ಮತ್ತೆ ಪೀಸ್ ಅಮೆರಿಕದ ಮೌಂಟ್ ವಿಲ್ಸನ್ನಿನ 100 ಇಂಚು ಟೆಲಿಸ್ಕೋಪಿಗೆ 20 ಅಡಿಯ ತೊಲೆ ಕಟ್ಟಿ, ಎರಡು ತುದಿಯ ಕನ್ನಡಿಯಿಂದ ಬಂದ ಬೆಳಕನ್ನು ಒಂದುಮಾಡಿ ಇದರ ಅಗಲ ಅಳೆದ್ರು, 0.047 ಆರ್ಕ್‌ಸೆಕೆಂಡ್. ಸೂರ್ಯ ಬಿಟ್ಟು ಬೇರೆ ನಕ್ಷತ್ರದ ಅಗಲ ಹೀಗೆ ನೇರವಾಗಿ ಅಳೆದದ್ದು ಅದೇ ಮೊದಲು. ಆದ್ರೆ ಇಂದಿಗೂ ಆರ್ದ್ರಾ ಸೂರ್ಯನ ಎಷ್ಟು ಪಟ್ಟು ಅಂತ ಕೇಳಿದ್ರೆ ಒಬ್ಬರು 750 ಅಂತಾರೆ, ಇನ್ನೊಬ್ಬರು 1000 ಅಂತಾರೆ. ಯಾಕೆ? ದೂರ ಗಟ್ಟಿ ಇಲ್ಲ. ಒಂದು ಲೆಕ್ಕದಲ್ಲಿ 550 ಜ್ಯೋತಿರ್ವರ್ಷ, ಇನ್ನೊಂದರಲ್ಲಿ 700ರ ಮೇಲೆ. ಅದರ ಮುಖದ ಅಗಲವೇ ಆರು ತಿಂಗಳಲ್ಲಿ ಅದು ಸರಿಯುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಮೇಲಿಂದ ಆ ಮುಖ ಕುದೀತಾ ಇರ್ತದೆ, ಒಂದು ಕಡೆ ಪ್ರಕಾಶ ಇನ್ನೊಂದು ಕಡೆ ಮಂಕು, ಹಾಗಾಗಿ ಸರಿದದ್ದು ಎಷ್ಟು ಅಂತ ಹಿಡಿಯುವುದೇ ಕಷ್ಟ. ಯಾವ ಲೆಕ್ಕ ತಗೊಂಡ್ರೂ ಅದನ್ನು ತಂದು ಸೂರ್ಯನ ಜಾಗದಲ್ಲಿಟ್ರೆ ಮಂಗಳ ಗ್ರಹದವರೆಗೆ ಎಲ್ಲ ಒಳಗೆ ಹೋಗ್ತದೆ, ಅಷ್ಟು ಮಾತ್ರ ಖಂಡಿತ.

ಪ್ರಶ್ನೆ: ಸೂರ್ಯನ ವಯಸ್ಸು ಹೆಂಗ ಲೆಕ್ಕ ಹಾಕ್ತಾರ್ರಿ? ಹುಟ್ಟಿದ ದಿನದ ಚೀಟಿ ಏನರ ಸಿಕ್ಕೈತೇನು? (ಅಕ್ಕಲಕೋಟದಿಂದ)

ಉತ್ತರ: ಸಿಕ್ಕಿದೆ! ಕಲ್ಲಿನಲ್ಲಿ. ದೂರ ಗೊತ್ತಿಲ್ಲದಿದ್ರೂ ಕಲ್ಲಿನಿಂದಲೇ ವಯಸ್ಸು ಸಿಗುವ ನಕ್ಷತ್ರ ಇದೊಂದೇ, ಯಾಕೆಂದ್ರೆ ಅದು ಹುಟ್ಟುವಾಗ ಉಳಿದ ಸಾಮಾನು ನಮ್ಮ ತಲೆ ಮೇಲೆ ಉಲ್ಕೆಯಾಗಿ ಬೀಳ್ತಾ ಉಂಟು, ಅದನ್ನು ಲ್ಯಾಬಿಗೆ ತಗೊಂಡು ಹೋಗ್ಬಹುದು. ಯುರೇನಿಯಂ 238 ಅನ್ನುವುದು 447 ಕೋಟಿ ವರ್ಷಕ್ಕೆ ಅರ್ಧ ಸೀಸ ಆಗ್ತದೆ, ಯುರೇನಿಯಂ 235 ಅನ್ನುವುದು 70 ಕೋಟಿ ವರ್ಷಕ್ಕೆ ಅರ್ಧ ಬೇರೆ ಜಾತಿಯ ಸೀಸ ಆಗ್ತದೆ, ಎರಡು ಗಡಿಯಾರವೂ ಒಂದೇ ಉತ್ತರ ಹೇಳಿದ್ರೆ ನಂಬ್ಬಹುದು. 1969ರಲ್ಲಿ ಮೆಕ್ಸಿಕೋದಲ್ಲಿ ಬಿದ್ದ ಅಯೆಂದೆ ಉಲ್ಕೆಯಂಥವುಗಳ ಒಳಗಿನ ಬಿಳಿ ಚುಕ್ಕೆಗಳಿಗೆ ಸುಮಾರು 457 ಕೋಟಿ ವರ್ಷ, ಸೂರ್ಯನಿಗೂ ಹೆಚ್ಚುಕಡಿಮೆ ಅಷ್ಟೇ.

ಈ ದಾರಿ ಹಾಕಿಕೊಟ್ಟದ್ದು ಕ್ಲೇರ್ ಪ್ಯಾಟರ್ಸನ್, 1956ರಲ್ಲಿ ಅವರು ಹೇಳಿದ್ದು 455 ಕೋಟಿ. ಅವರ ಕಥೆ ಕೇಳ್ಬೇಕು ನೀವು: ಕಲ್ಲಿನ ಸೀಸ ಅಳೀಲಿಕ್ಕೆ ಹೋದ್ರೆ ಲ್ಯಾಬಲ್ಲಿ ಎಲ್ಲಿ ನೋಡಿದ್ರೂ ಸೀಸ, ಗಾಳಿಯಲ್ಲಿ, ಧೂಳಲ್ಲಿ, ಚರ್ಮದಲ್ಲಿ. ಅದು ಎಲ್ಲಿಂದ ಅಂತ ಹುಡುಕ್ತಾ ಹೋಗಿ ಪೆಟ್ರೋಲಿಗೆ ಹಾಕುವ ಸೀಸವೇ ದೊಡ್ಡ ಕಾರಣ ಅಂತ ತೋರಿಸಿ, ಕಂಪೆನಿಗಳ ಜೊತೆ ವರ್ಷಗಟ್ಟಲೆ ಗುದ್ದಾಡಿದ್ರು. ನಾವು ಇವತ್ತು ಅನ್‌ಲೆಡೆಡ್ ಪೆಟ್ರೋಲ್ ಹಾಕುವುದರ ಹಿಂದೆ ಉಲ್ಕೆಯ ವಯಸ್ಸು ಹುಡುಕಿದವನ ಪಾಲೂ ಉಂಟು.

ಬೇರೆ ನಕ್ಷತ್ರದ ಕಲ್ಲು ನಮಗೆ ಬೇಕೆಂದಾಗ ಸಿಗುವುದಿಲ್ಲ. ಅಲ್ಲಿ ಗುಂಪು ನೋಡ್ಬೇಕು. ಒಟ್ಟಿಗೆ ಹುಟ್ಟಿದ ನಕ್ಷತ್ರಗಳಲ್ಲಿ ದೊಡ್ಡದು ಬೇಗ ಉರಿದು ಮುಗೀತದೆ, ಚಿಕ್ಕದು ನಿಧಾನ. ಸೂರ್ಯನಂಥದ್ದಕ್ಕೆ ಸಾವಿರ ಕೋಟಿ ವರ್ಷ ಆಯುಸ್ಸು, ಹತ್ತು ಪಟ್ಟು ಭಾರ ಇದ್ದದ್ದು ಕೆಲವು ಕೋಟಿಯಲ್ಲೇ ಖಾಲಿ. ಹಾಗಾಗಿ ಗುಂಪಿನಲ್ಲಿ ಎಷ್ಟು ಭಾರದವರೆಗಿನದ್ದು ಇನ್ನೂ ಬದುಕಿ ಉಂಟು ಅಂತ ನೋಡಿದ್ರೆ ಗುಂಪಿನ ವಯಸ್ಸು ಬರ್ತದೆ. ಕೃತ್ತಿಕೆಯಲ್ಲಿ ನೀಲಿ ನಕ್ಷತ್ರಗಳು ಇನ್ನೂ ಝಗಝಗ ಇವೆ, ಹತ್ತು ಕೋಟಿ ವರ್ಷದ ಆಸುಪಾಸು, ಮಕ್ಕಳು. ರೋಹಿಣಿಯ ಸುತ್ತ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಾಣುವ ಗುಂಪಿಗೆ ಸುಮಾರು 65 ಕೋಟಿ. (ರೋಹಿಣಿ ಮಾತ್ರ ಆ ಗುಂಪಿನದ್ದಲ್ಲ, ಗುಂಪು ಇರುವುದು 150 ಜ್ಯೋತಿರ್ವರ್ಷ ಆಚೆ, ಇದು ಅರ್ಧ ದಾರಿಯಲ್ಲೇ ನಿಂತು ಫೋಟೋದಲ್ಲಿ ಬಿದ್ದದ್ದು.) ಭಾರ ಹೇಗೆ ಗೊತ್ತಾಗ್ತದೆ ಅಂತ ಕೇಳಿದ್ರೆ ನಿಜವಾದ ಪ್ರಕಾಶದಿಂದ, ಅದಕ್ಕೆ ಪುನಃ ದೂರ ಬೇಕು.

ಪ್ರಶ್ನೆ: ನಕ್ಷತ್ರದ ದೂರದ ಲೆಕ್ಕ ಬದಲಾದ್ರೆ ಜಾತಕ ಬದಲಾಗ್ತದಾ? (ಕುಂಬಳೆಯಿಂದ)

ಉತ್ತರ: ಇಲ್ಲ. ಪಂಚಾಂಗಕ್ಕೆ ದಿಕ್ಕು ಸಾಕು, ದೂರ ಬೇಡ.

ಪ್ರಶ್ನೆ: ಗ್ಯಾಲಕ್ಸಿಗಳ ದೂರ, ಇಡೀ ಬ್ರಹ್ಮಾಂಡದ ವಯಸ್ಸು ಇವನ್ನೂ ಹೇಳ್ತಾರಲ್ಲ, ಅದು ಬರೀ ಊಹೆ ತಾನೇ? (ಮಡಕಶಿರಾದಿಂದ)

ಉತ್ತರ: ಊಹೆ ಅಲ್ಲ, ಆದ್ರೆ ನಿಮ್ಮ ಡೌಟ್ ಪೂರ್ತಿ ಸುಳ್ಳೂ ಅಲ್ಲ. ಹಾರ್ವರ್ಡಿನಲ್ಲಿ ಹೆನ್ರಿಯೆಟಾ ಲೆವಿಟ್ ಅಂತ ಒಬ್ಬರು ಇದ್ರು, ಕೆಲಸ ಫೋಟೋ ಗಾಜುಗಳಲ್ಲಿ ನಕ್ಷತ್ರಗಳ ಪ್ರಕಾಶ ಅಳೆದು ಬರೆಯುವುದು. ಕೆಲವು ನಕ್ಷತ್ರ ಲೆಕ್ಕದ ಪ್ರಕಾರ ಹೆಚ್ಚು ಕಡಿಮೆ ಆಗ್ತಾ ಇರ್ತದೆ, ಸೆಫೀಡ್ ಅಂತ ಹೆಸರು, ಅವುಗಳಲ್ಲಿ ನಿಧಾನಕ್ಕೆ ಏರಿಳಿಯುವುದು ಜಾಸ್ತಿ ಪ್ರಕಾಶದ್ದು ಅಂತ 1912ರಲ್ಲಿ ಅವರು 25 ನಕ್ಷತ್ರ ಇಟ್ಟು ತೋರಿಸಿದ್ರು. ಅಂದ್ರೆ ಎಷ್ಟು ದಿನಕ್ಕೊಮ್ಮೆ ಏರಿಳಿಯುತ್ತದೆ ಅಂತ ನೋಡಿದ್ರೆ ನಿಜವಾದ ಪ್ರಕಾಶ ಸಿಕ್ಕಿತು, ಪ್ರಕಾಶದಿಂದ ದೂರ ಸಿಕ್ಕಿತು. 1923ರಲ್ಲಿ ಹಬಲ್‌ಗೆ ಆಂಡ್ರೊಮಿಡಾದಲ್ಲಿ ಇಂಥದ್ದೊಂದು ಸಿಕ್ಕಿ, ಅದು ನಮ್ಮ ಆಕಾಶಗಂಗೆಯ ಹೊರಗಿನ ಇನ್ನೊಂದು ಗ್ಯಾಲಕ್ಸಿ ಅಂತ ಗೊತ್ತಾಯ್ತು. ಹೆಸರು ಹಬಲ್‌ಗೆ ಹೋಯ್ತು, ಲೆವಿಟ್ 1921ರಲ್ಲೇ ತೀರಿಹೋಗಿದ್ರು.

1929ರಲ್ಲಿ ಹಬಲ್, ಗ್ಯಾಲಕ್ಸಿ ದೂರ ಇದ್ದಷ್ಟೂ ಜೋರಾಗಿ ದೂರ ಹೋಗ್ತದೆ ಅಂತ ಹೇಳಿದ. ಹಿಂದಕ್ಕೆ ಲೆಕ್ಕ ಹಾಕಿದ್ರೆ ಎಲ್ಲ ಒಟ್ಟಿಗೆ ಇದ್ದ ಕಾಲ ಬರ್ತದೆ. ಆಗಿನ ಲೆಕ್ಕದಲ್ಲಿ ಅದು 200 ಕೋಟಿ ವರ್ಷದ ಹಿಂದೆ, ಭೂಮಿಯ ಕಲ್ಲುಗಳಿಗೇ ಅದಕ್ಕಿಂತ ಜಾಸ್ತಿ ವಯಸ್ಸು ಅಂತ ಬರ್ಲಿಕ್ಕೆ ಸುರುವಾಯ್ತು, ಮಗ ಅಪ್ಪನಿಗಿಂತ ದೊಡ್ಡವ! ತಪ್ಪು ಎಲ್ಲಿ ಅಂದ್ರೆ ಪುನಃ ದೂರದಲ್ಲೇ. ಸೆಫೀಡಿನಲ್ಲಿ ಎರಡು ಜಾತಿ ಉಂಟು, ಎರಡನ್ನೂ ಒಂದೇ ಅಂತ ತಗೊಂಡಿದ್ರು ಅಂತ 1952ರಲ್ಲಿ ಬಾಡೆ ಹೇಳಿದ ಮೇಲೆ ಎಲ್ಲ ದೂರವೂ ಒಂದೇ ಏಟಿಗೆ ಎರಡು ಪಟ್ಟಾಯ್ತು. ಹಬಲ್ 9 ಲಕ್ಷ ಜ್ಯೋತಿರ್ವರ್ಷ ಅಂದಿದ್ದ ಆಂಡ್ರೊಮಿಡಾ ಈಗ 25 ಲಕ್ಷ. ಬ್ರಹ್ಮಾಂಡಕ್ಕೆ 1380 ಕೋಟಿ ವರ್ಷ.

ಈಗಲೂ ಒಂದು ತಕರಾರು ನಡೀತಾ ಉಂಟು. ಸೆಫೀಡ್ ಮತ್ತೆ ಸೂಪರ್‌ನೋವಾ (ಸಿಡಿಯುವ ನಕ್ಷತ್ರ) ಹಿಡಿದು ಅಳೆದವರಿಗೆ ವಿಸ್ತರಣೆಯ ವೇಗ, ಅಂದ್ರೆ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಎಷ್ಟು ಕಿ.ಮೀ. ಜಾಸ್ತಿ ಆಗ್ತದೆ ಅನ್ನುವುದು, 73 ಅಂತ ಬರ್ತದೆ, ಮಹಾಸ್ಫೋಟದಿಂದ ಉಳಿದ ಹಳೆಯ ಬೆಳಕು ನೋಡಿ ಲೆಕ್ಕ ಹಾಕಿದವರಿಗೆ 67. ಎರಡೂ ಕಡೆಯವರು ತಪ್ಪಿನ ಮಾರ್ಜಿನ್ ಕಡಿಮೆ ಮಾಡ್ತಾ ಬಂದಿದ್ದಾರೆ, ಆದ್ರೂ ಕೂಡಿ ಬರ್ಲಿಲ್ಲ. ದೂರದ ಲೆಕ್ಕದಲ್ಲಿ ಎಲ್ಲೋ ಸಣ್ಣ ಎಡವಟ್ಟು ಉಂಟು ಅಂತ ಕೆಲವರು, ನಮಗೆ ಗೊತ್ತಿಲ್ಲದ ಹೊಸ ಭೌತಶಾಸ್ತ್ರವೇ ಉಂಟು ಅಂತ ಕೆಲವರು. ಹಿಂದಿನ ಇತಿಹಾಸ ನೋಡಿದ್ರೆ ನನ್ನ ಓಟು ಮೊದಲನೆಯದ್ದಕ್ಕೆ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ಟೆಲಿಸ್ಕೋಪ್ ಇಲ್ಲದೆ ಮನೆಯಲ್ಲೇ ಏನಾದ್ರೂ ಅಳೀಬಹುದಾ ಸರ್? (ಮಂಜೇಶ್ವರದಿಂದ)

ಉತ್ತರ: ಸೂರ್ಯನನ್ನೇ ಅಳಿ. ಒಂದು ದಪ್ಪ ರಟ್ಟಿಗೆ ಗುಂಡುಸೂಜಿಯಲ್ಲಿ ಸಣ್ಣ ತೂತು ಮಾಡು, ಬಿಸಿಲಿಗೆ ಹಿಡಿ, ಅದರಿಂದ ಸರಿಯಾಗಿ 2 ಮೀಟರ್ ಹಿಂದೆ ನೆರಳಲ್ಲಿ ಒಂದು ಬಿಳಿ ಕಾಗದ ಇಡು, ಕಾಗದ ಬಿಸಿಲು ಬರುವ ದಿಕ್ಕಿಗೆ ನೇರ ಇರ್ಬೇಕು, ಓರೆ ಆದ್ರೆ ಮೊಟ್ಟೆ ಆಕಾರ ಬರ್ತದೆ. ಕಾಗದದ ಮೇಲೆ ಬೀಳುವ ದುಂಡು ಬೆಳಕು ತೂತಿನದ್ದಲ್ಲ, ಸೂರ್ಯನ ಚಿತ್ರ. ಅದರ ಅಗಲ ಸ್ಕೇಲಲ್ಲಿ ನೋಡು, 18-19 ಮಿಲಿಮೀಟರ್ ಬರ್ಬೇಕು. ಅದನ್ನು 2000 ಮಿಲಿಮೀಟರಿನಿಂದ ಭಾಗಿಸಿ 15 ಕೋಟಿಯಿಂದ ಗುಣಿಸಿದ್ರೆ ಸೂರ್ಯನ ಅಗಲ ಕಿಲೋಮೀಟರಲ್ಲಿ. ಆ 15 ಕೋಟಿ ಮಾತ್ರ ನೀನು ದೊಡ್ಡವರಿಂದ ಸಾಲ ತಗೊಳ್ಬೇಕು. ತೂತಿನ ಮೂಲಕ ಸೂರ್ಯನನ್ನು ಯಾವ ಕಾರಣಕ್ಕೂ ನೋಡ್ಬಾರದು, ಬೆನ್ನು ಸೂರ್ಯನಿಗೆ, ಕಣ್ಣು ಕಾಗದಕ್ಕೆ. ಮಳೆಗಾಲದಲ್ಲಿ ಆಗುವ ಕೆಲಸ ಅಲ್ಲ, ದೀಪಾವಳಿ ಕಳೀಲಿ. ಡಿಸೆಂಬರಿಗೊಮ್ಮೆ, ಜೂನ್ ಸುರುವಿಗೆ ಮಳೆ ಹಿಡಿಯುವ ಮೊದಲು ಇನ್ನೊಮ್ಮೆ ಅಳೆದು ಎರಡೂ ಸಂಖ್ಯೆ ಬರೆದು ಕಳಿಸು. ವ್ಯತ್ಯಾಸ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಇರ್ತದೆ ಅಷ್ಟೆ, 2 ಮೀಟರಲ್ಲಿ ಹಿಡೀಲಿಕ್ಕೆ ಆಗದಿದ್ರೆ 4 ಮೀಟರ್ ಮಾಡಿ ನೋಡು.